ಹೊಸ ಪ್ರತಿ ಬರಲಿ, ಹಳೆಯದನ್ನು ಅಳಿಸಬೇಡಿ

ಸಿನಿಮಾಗಳ ಹಕ್ಕು ಕೈಯಲ್ಲಿಟ್ಟುಕೊಂಡಿರುವ ಎಲ್ಲ ಸಂಸ್ಥೆಗಳಿಗೆ,

ನಮಸ್ಕಾರ.

ಹೋದ ತಿಂಗಳು ಒಂದು ವಿಎಚ್‌ಎಸ್ ಕ್ಯಾಸೆಟ್ ನನ್ನ ಕೈಗೆ ಬಂತು. ನಿಮ್ಮಲ್ಲೇ ಯಾರೋ ಒಬ್ಬರು 1980ರ ದಶಕದಲ್ಲಿ ಹೊರತಂದ ಸಿನಿಮಾ. ಕ್ಯಾಸೆಟ್ಟಿನ ಕಿಟಕಿಯಿಂದ ಇಣುಕಿದರೆ, ಸುತ್ತಿದ ಟೇಪಿನ ಅಂಚಿನ ಮೇಲೆ ಯಾರೋ ಬಿಳಿ ಪುಡಿ ಉದುರಿಸಿದ ಹಾಗಿತ್ತು. ಬೂಷ್ಟು. ಇಂಥ ಕ್ಯಾಸೆಟ್ಟನ್ನು ಹಾಗೇ ವಿಸಿಆರ್‌ಗೆ ತಳ್ಳಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್ಟುಗಳಿಗೂ ಅಂಟುತ್ತದೆ. ಹಾಗಾಗಿ ಮೂಗಿಗೆ ಮಾಸ್ಕ್ ಹಾಕಿಕೊಂಡು, ಗಾಳಿ ಆಡುವ ಕಡೆ ಕೂತು, ಐದು ಸ್ಕ್ರೂ ಬಿಚ್ಚಿದೆ. ಒಳಗಿನ ಎರಡು ಚಕ್ರಗಳನ್ನು ಮೆಲ್ಲಗೆ ಎತ್ತಿ ಬೇರೊಂದು ಖಾಲಿ ಡಬ್ಬಿಗೆ ಕೂರಿಸಿದೆ. ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ನೂಲು ಬಿಡದ ಬಟ್ಟೆಯ ನಡುವೆ ಟೇಪನ್ನು ಹಾಯಿಸುತ್ತಾ ಕೈಯಿಂದಲೇ ಸುತ್ತಿದೆ. ಎರಡು ಗಂಟೆಯ ಟೇಪು ಅಂದರೆ ಹತ್ತಿರ ಹತ್ತಿರ ಕಾಲು ಕಿಲೋಮೀಟರ್ ಉದ್ದ. ಒಂದು ಕಡೆ ಟೇಪು ಅರ್ಧ ಹರಿದಿತ್ತು. ಅಲ್ಲಿ ಕೈ ನಡುಗಿತು, ನಿಜ ಹೇಳಬೇಕೆಂದರೆ.

ಇಷ್ಟೆಲ್ಲ ಯಾಕೆ ಮಾಡಿದೆ ಅಂತ ಹೇಳುತ್ತೇನೆ. ಇದೇ ಸಿನಿಮಾದ ಡಿಜಿಟಲ್ ಪ್ರತಿಯನ್ನು ನಾನು ವರ್ಷಗಳ ಹಿಂದೆಯೇ ದುಡ್ಡು ಕೊಟ್ಟು ಕೊಂಡಿದ್ದೆ. ಅದರಲ್ಲಿ ಒಂದು ದೃಶ್ಯವಿದೆ. ರಾತ್ರಿ, ಖಾಲಿ ನಿಲ್ದಾಣ, ಬೆಂಚಿನ ಮೇಲೆ ಒಬ್ಬಳೇ ಕೂತಿರುವ ಹೆಂಗಸು, ಪಕ್ಕದಲ್ಲೆಲ್ಲೋ ರೇಡಿಯೋದಲ್ಲಿ ಒಂದು ಹಾಡು. ಆ ಹಾಡು ಅರ್ಧದಲ್ಲಿ ನಿಲ್ಲುತ್ತದೆ. ಅವಳು ತಲೆ ಎತ್ತುತ್ತಾಳೆ. ನನಗೆ ಆ ಸಿನಿಮಾ ಅಂದರೆ ಆ ಕ್ಷಣವೇ. ಒಂದು ದಿನ ಮತ್ತೆ ನೋಡಲು ಕೂತೆ. ಹಾಡು ಬದಲಾಗಿತ್ತು. ಯಾವುದೋ ಹೆಸರಿಲ್ಲದ ವಾದ್ಯಸಂಗೀತ ಸಣ್ಣಗೆ ಹರಿಯುತ್ತಿತ್ತು. ಅದು ಅರ್ಧದಲ್ಲಿ ನಿಲ್ಲುವುದೂ ಇಲ್ಲ. ಹಾಗಾದರೆ ಅವಳು ತಲೆ ಎತ್ತಿದ್ದು ಯಾಕೆ? ಹೊಸಬರಿಗೆ ಅದು ಗೊತ್ತಾಗುವುದೇ ಇಲ್ಲ. ರಾತ್ರಿಯ ನೀಲಿ ಬಣ್ಣವೂ ಹಸಿರಿಗೆ ತಿರುಗಿತ್ತು. ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ನಾನು ಕೊಂಡ ಪ್ರತಿಯ ಜಾಗದಲ್ಲಿ ಬೇರೊಂದು ಪ್ರತಿ ಸದ್ದಿಲ್ಲದೆ ಬಂದು ಕೂತಿತ್ತು.

ಆ ಹಾಡು ಈಗ ನನಗೆ ಸಿಗುವುದು ಬೂಷ್ಟು ಹಿಡಿದ ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ನಿಮ್ಮ ಸಿನಿಮಾಗಳ ಹಳೆಯ ಕ್ಯಾಸೆಟ್, ಲೇಸರ್‌ಡಿಸ್ಕ್ (ಡಿವಿಡಿಗೂ ಮುಂಚಿನ ದೊಡ್ಡ ಡಿಸ್ಕ್), ಮೊದಲ ಕಾಲದ ಡಿವಿಡಿಗಳನ್ನು ಹುಡುಕಿ, ಒರೆಸಿ, ಪ್ರತಿ ತೆಗೆದು, ಜೋಪಾನ ಮಾಡುವವರು ಪ್ರಪಂಚದ ತುಂಬ ಇದ್ದಾರೆ. ನಾನು ಅವರಲ್ಲಿ ಒಬ್ಬ. ನಾವು ನಿಮ್ಮ ವಿರೋಧಿಗಳಲ್ಲ. ನಿಮ್ಮ ಸಿನಿಮಾವನ್ನು ನಮ್ಮಷ್ಟು ಸಲ ನೋಡಿದವರು ಜಾಸ್ತಿ ಜನ ಇರಲಾರರು. ನಿಮ್ಮಲ್ಲಿ ಒಂದು ವಿಷಯ ನೇರವಾಗಿ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ: ಹೊಸ ಪ್ರತಿ ತರುವಾಗ ಹಳೆಯದನ್ನು ಅಳಿಸಿ ಹಾಕಬೇಡಿ. ಅದನ್ನು ಉಳಿಸುತ್ತಿರುವವರ ಕೈಯನ್ನೂ ಕಟ್ಟಬೇಡಿ.

"ಈಗ 4ಕೆ ಬಂದಿದೆಯಲ್ಲ, ಮಸುಕು ಮಸುಕಾದ ಟೇಪು ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಕಾಣುವ ವಿವರ 240 ಗೆರೆಗಳಷ್ಟು ಮಾತ್ರ. ಲೇಸರ್‌ಡಿಸ್ಕ್‌ನಲ್ಲಿ 400ರ ಮೇಲೆ. ಇವತ್ತಿನ ಡಿಸ್ಕಿನ ಮುಂದೆ ಇವೆರಡೂ ಏನೇನೂ ಅಲ್ಲ. ಆದರೆ ಸ್ಪಷ್ಟತೆ ಬೇರೆ, ಆ ಸ್ಪಷ್ಟತೆಯಲ್ಲಿ ಏನು ಕಾಣುತ್ತದೆ ಅನ್ನುವುದು ಬೇರೆ, ಅಲ್ವಾ?

'ದಿ ಫ್ರೆಂಚ್ ಕನೆಕ್ಷನ್' ವಿಷಯ ನಿಮಗೆ ನೆನಪಿರಬಹುದು. 1971ರ ಸಿನಿಮಾ. 2009ರಲ್ಲಿ ಅದರ ಬ್ಲೂ-ರೇ ಬಂದಾಗ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ತಾವೇ ಕೂತು ಬಣ್ಣವನ್ನೆಲ್ಲ ಬದಲಾಯಿಸಿದ್ದರು. ಬಣ್ಣ ತೊಳೆದು ಹೋದ ಹಾಗೆ, ಅಲ್ಲಲ್ಲಿ ಕಲೆಸಿದ ಹಾಗೆ ಕಾಣುತ್ತಿತ್ತು. ಕ್ಯಾಮೆರಾ ಹಿಡಿದಿದ್ದ ಓವನ್ ರಾಯ್ಜ್‌ಮನ್ ಇದು ತಾನು ತೆಗೆದ ಸಿನಿಮಾವೇ ಅಲ್ಲ ಅನ್ನುವಷ್ಟು ನೊಂದುಕೊಂಡು ಬಹಿರಂಗವಾಗಿ ಮಾತಾಡಿದರು. 2012ರಲ್ಲಿ ಬಣ್ಣ ಸರಿಮಾಡಿದ ಇನ್ನೊಂದು ಡಿಸ್ಕ್ ಬಂತು. ನಡುವಿನ ಆ ಮೂರು ವರ್ಷಗಳನ್ನು ಯೋಚಿಸಿ. ಒಂದು ಕಡೆ ನಿರ್ದೇಶಕ, ಇನ್ನೊಂದು ಕಡೆ ಛಾಯಾಗ್ರಾಹಕ. ನೋಡುಗರು ಯಾರ ಮಾತು ನಂಬಬೇಕು? ಮನೆಯಲ್ಲಿ ಹಳೆಯ ಡಿವಿಡಿ ಇದ್ದವರು ಎರಡನ್ನೂ ಅಕ್ಕಪಕ್ಕ ಹಾಕಿ ನೋಡಿದರು. ಹಳೆಯ ಡಿವಿಡಿಯೇ ಪೂರ್ತಿ ಸರಿ ಅಂತಲ್ಲ. ಹೋಲಿಸಿ ನೋಡಲು ಅವರ ಕೈಯಲ್ಲಿ ಒಂದು ಸಾಕ್ಷಿ ಇತ್ತು, ಅಷ್ಟೇ. ಇದೇ ಸಿನಿಮಾದ ಒಂದು ಮಾತು 2023ರಲ್ಲಿ ಆನ್‌ಲೈನ್ ಪ್ರತಿಯಿಂದ ಕಾಣೆಯಾಗಿತ್ತು. ಜನಾಂಗೀಯ ನಿಂದನೆಯ ಮಾತದು, ಹೊಲಸು ಮಾತು. ಆದರೆ ಆ ಪಾತ್ರ ಎಂಥವನು ಅಂತ ತೋರಿಸಲು ಬರೆದವರು ಬೇಕಂತಲೇ ಇಟ್ಟ ಮಾತು. ತೆಗೆದದ್ದು ಗೊತ್ತಾಗಿದ್ದು ಹೇಗೆ? ಹಳೆಯ ಪ್ರತಿ ಕೇಳಿ ಕೇಳಿ ಬಾಯಿಪಾಠ ಆಗಿದ್ದವರಿಂದ.

ಧ್ವನಿಯ ಕತೆ ಇನ್ನೂ ಕಷ್ಟ. ಬಣ್ಣ ಬದಲಾದರೆ ಕಣ್ಣಿಗೆ ಹೊಡೆಯುತ್ತದೆ. ಧ್ವನಿ ಬದಲಾದರೆ ಜಾಸ್ತಿ ಜನಕ್ಕೆ ಗೊತ್ತೇ ಆಗುವುದಿಲ್ಲ. 'ಜಾಸ್' 2000ನೇ ಇಸವಿಯಲ್ಲಿ ಮೊದಲ ಸಲ ಡಿವಿಡಿಯಾಗಿ ಬಂದಾಗ ಅದರಲ್ಲಿ ಹೊಸ 5.1 ಮಿಕ್ಸ್ (ಹಲವು ಸ್ಪೀಕರುಗಳಿಗೆ ಹಂಚಿದ ಧ್ವನಿ) ಇತ್ತು, ಚಿತ್ರಮಂದಿರದಲ್ಲಿ ಕೇಳಿದ್ದ ಮೋನೋ, ಅಂದರೆ ಒಂದೇ ದಾರಿಯ ಧ್ವನಿ, ಇರಲಿಲ್ಲ. ಕೆಲವು ಶಬ್ದಗಳನ್ನೇ ಬದಲಾಯಿಸಿದ್ದರು. 2005ರ ಡಿವಿಡಿಯಲ್ಲಿ ಮೋನೋ ವಾಪಸ್ ಬಂತು. ಮೂಲ ಧ್ವನಿಯೇ ಬೇಕು ಅನ್ನುವವರು ಇದ್ದರು.

2010ರಲ್ಲಿ ಬಂದ 'ಪ್ರಿಡೇಟರ್' ಬ್ಲೂ-ರೇಯಲ್ಲಿ ಗ್ರೇನ್ ತೆಗೆಯುತ್ತೇವೆ ಅಂತ ಎಷ್ಟು ಉಜ್ಜಿದ್ದರು ಅಂದರೆ, ಮುಖಗಳೆಲ್ಲ ಮೇಣದ ಬೊಂಬೆಯ ಹಾಗಾಗಿದ್ದವು. ಗ್ರೇನ್ ಕೊಳೆ ಅಲ್ಲ. ಫಿಲಂ ಮೇಲಿನ ಚಿತ್ರ ಇರುವುದೇ ಆ ಕಣಗಳಲ್ಲಿ. ಅದನ್ನು ಒರೆಸಿದರೆ ಚರ್ಮದ ಸುಕ್ಕು, ಬೆವರು, ಬಟ್ಟೆಯ ನೇಯ್ಗೆ ಎಲ್ಲ ಅದರ ಜೊತೆಗೇ ಹೋಗುತ್ತವೆ. ಈಗಂತೂ ಈ ಕೆಲಸಕ್ಕೆ ಎಐ ಬಂದಿದೆ. 2024ರಲ್ಲಿ 'ಏಲಿಯನ್ಸ್', 'ಟ್ರೂ ಲೈಸ್' 4ಕೆ ಡಿಸ್ಕುಗಳು ಬಂದಾಗ ಇದೇ ದೂರು ಮತ್ತೆ ಕೇಳಿಬಂತು. ಅಳಿಸುವುದರ ಜೊತೆಗೆ, ಇಲ್ಲದ ವಿವರವನ್ನು ಊಹಿಸಿ ಬರೆಯುವುದೂ ಶುರುವಾಗಿದೆ. ಅದನ್ನು ನೋಡಿದರೆ ನನಗೆ ಭಯ ಆಗುತ್ತದೆ. ಮುಂದೆ ಯಾವುದು ಕ್ಯಾಮೆರಾ ಕಂಡದ್ದು, ಯಾವುದು ಯಂತ್ರ ಸೇರಿಸಿದ್ದು ಅಂತ ಹೇಳಲು ಹಳೆಯ ಪ್ರತಿ ಬಿಟ್ಟು ಬೇರೆ ಏನಿರುತ್ತದೆ?

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಅಗಲ ಪರದೆಯ ಸಿನಿಮಾವನ್ನು ಹಳೆಯ ಟಿವಿಯ ಚೌಕಕ್ಕೆ ತುಂಬಿಸಲು ಪ್ಯಾನ್ ಅಂಡ್ ಸ್ಕ್ಯಾನ್ ಮಾಡುತ್ತಿದ್ದರು. ಎತ್ತರದ 2.35 ಪಟ್ಟು ಅಗಲ ಇರುವ ಚಿತ್ರವನ್ನು 1.33 ಪಟ್ಟಿಗೆ ಕತ್ತರಿಸಿದರೆ ಶೇ. 40ಕ್ಕಿಂತ ಜಾಸ್ತಿ ಭಾಗ ಹೊರಗೆ ಹೋಗುತ್ತದೆ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಕಾಣುತ್ತಿದ್ದದ್ದು ಹಳಬರಿಗೆ ನೆನಪಿರುತ್ತದೆ. ಪಾಲ್ ಎಂಬ ಟಿವಿ ಪದ್ಧತಿಯ ದೇಶಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು 25ರಲ್ಲಿ ಓಡಿಸುತ್ತಿದ್ದರು. 100 ನಿಮಿಷದ ಸಿನಿಮಾ 96 ನಿಮಿಷಕ್ಕೆ ಮುಗಿಯುತ್ತಿತ್ತು, ಎಲ್ಲರ ದನಿಯೂ ಸ್ವಲ್ಪ ಕೀಚಲಾಗುತ್ತಿತ್ತು. ಇವೆಲ್ಲ ತಪ್ಪುಗಳೇ. ಆದರೆ ಅದೇ ಕಾಲದಲ್ಲಿ ಇದಕ್ಕೆ ಉಲ್ಟಾ ಕೂಡ ನಡೆಯುತ್ತಿತ್ತು. ಚಿತ್ರಮಂದಿರದಲ್ಲಿ ಮೇಲೆ ಕೆಳಗೆ ಮರೆಮಾಡಿ ತೋರಿಸುತ್ತಿದ್ದ ಕೆಲವು ಸಿನಿಮಾಗಳನ್ನು ಟೇಪಿನಲ್ಲಿ ಪೂರ್ತಿ ತೆರೆದು ಕೊಟ್ಟರು. ಓಪನ್ ಮ್ಯಾಟ್ ಅನ್ನುತ್ತೇವೆ. ನೆಗೆಟಿವ್‌ನಲ್ಲಿ ಇದ್ದು ಇವತ್ತಿನ ಯಾವ ಡಿಸ್ಕಿನಲ್ಲೂ ಕಾಣದ ಜಾಗ ಅಲ್ಲಿ ಕಾಣುತ್ತದೆ. ಕೆಲವೊಮ್ಮೆ ಮೇಲಿಂದ ಮೈಕ್ ಕೂಡ ಇಣುಕುತ್ತದೆ! ಅಧ್ಯಯನ ಮಾಡುವವರಿಗೆ ಅದೂ ಬೇಕು. ಒಂದು ತಲೆಮಾರು ಆ ಸಿನಿಮಾವನ್ನು ನೋಡಿದ್ದೇ ಹಾಗೆ. ಅವರಿಗೆ ಆ ಸಿನಿಮಾ ಹೇಗಿತ್ತು ಅಂತ ತಿಳಿಯಬೇಕಾದರೆ ಅವರು ನೋಡಿದ ಪ್ರತಿಯೇ ಬೇಕು.

ಇನ್ನು ಹಾಡುಗಳು. ಹಿಂದೆ ಚಿತ್ರಮಂದಿರಕ್ಕೆ, ಟಿವಿಗೆ ಮಾತ್ರ ಅಂತ ಹಾಡಿನ ಹಕ್ಕು ತೆಗೆದುಕೊಳ್ಳುತ್ತಿದ್ದರು. ಮನೆಯಲ್ಲಿ ಕೊಂಡು ನೋಡುವ ಕಾಲ ಬರುತ್ತದೆ ಅಂತ ಯಾರು ಎಣಿಸಿದ್ದರು? ಆಮೇಲೆ ಹಕ್ಕು ದುಬಾರಿಯಾಯಿತು. 'ಹೆವಿ ಮೆಟಲ್' ಎಂಬ 1981ರ ಅನಿಮೇಷನ್ ಸಿನಿಮಾ ಹಾಡುಗಳ ಹಕ್ಕಿನ ತೊಡಕಿನಿಂದಾಗಿ 1996ರವರೆಗೂ ಕ್ಯಾಸೆಟ್ಟಾಗಿ ಬರಲಿಲ್ಲ. ಒಂದು ರೇಡಿಯೋ ಕೇಂದ್ರದ ಸುತ್ತ ನಡೆಯುವ ಅಮೆರಿಕದ ಹಾಸ್ಯ ಧಾರಾವಾಹಿ 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ' 2007ರಲ್ಲಿ ಡಿವಿಡಿಯಾದಾಗ ಹಲವು ಹಾಡುಗಳು ಬದಲಾಗಿದ್ದವು. ರೇಡಿಯೋ ಕೇಂದ್ರದ ಕತೆಯಲ್ಲಿ ಹಾಡುಗಳೇ ಬೇರೆಯಾದರೆ ಉಳಿದದ್ದೇನು? ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಪ್ರತಿ ಹಾಡಿಗೂ ಮತ್ತೆ ದುಡ್ಡು ಕೊಡಿ ಅಂತ ನಾನು ಕೇಳುತ್ತಿಲ್ಲ. ಬದಲಾಯಿಸಿದ್ದೀರಿ ಅಂತ ಡಬ್ಬಿಯ ಮೇಲೆ ಒಂದು ಸಾಲು ಬರೆಯಿರಿ, ಸಾಕು.

ಮನೆಗೆ ಅಂತ ಮಾಡಿದ ಪ್ರತಿ ಸಿನಿಮಾವನ್ನೇ ಉಳಿಸಿದ್ದು ಹೊಸದೇನಲ್ಲ. ವಿಡಿಯೋ ಹುಟ್ಟುವ ಎಷ್ಟೋ ಮೊದಲು, 1922ರಲ್ಲಿ ಪಾಥೆ ಕಂಪನಿ 9.5 ಮಿ.ಮೀ. ಅಗಲದ ಪುಟ್ಟ ಫಿಲಂ ತಂದಿತು. 1920ರ ದಶಕದ ನಡುವಿನಲ್ಲಿ ಕೊಡಾಕ್‌ನ ಕೊಡಾಸ್ಕೋಪ್ ಲೈಬ್ರರಿ 16 ಮಿ.ಮೀ. ಪ್ರತಿಗಳನ್ನು ಮನೆಗೆ ಬಾಡಿಗೆಗೆ ಕೊಡಲು ಶುರು ಮಾಡಿತು. ಹೆಚ್ಚಿನವು ಕತ್ತರಿಸಿ ಗಿಡ್ಡ ಮಾಡಿದ ಪ್ರತಿಗಳು. ಆಗಿನ ದೊಡ್ಡವರಿಗೆ ಅದು ಆಟದ ಸಾಮಾನು. ಆದರೆ 1925ರ 'ದಿ ಲಾಸ್ಟ್ ವರ್ಲ್ಡ್' ಸಿನಿಮಾವನ್ನು ದಶಕಗಳ ಕಾಲ ಜನ ನೋಡಿದ್ದು ಆ ಗಿಡ್ಡ ಕೊಡಾಸ್ಕೋಪ್ ಪ್ರತಿಯಲ್ಲೇ. ಪೂರ್ತಿ ಪ್ರತಿಗಳು ಕಾಣೆಯಾಗಿದ್ದವು. ಈಗ ನೋಡಲು ಸಿಗುವ ಹೆಚ್ಚು ಪೂರ್ಣವಾದ ರೂಪವನ್ನು ಆಮೇಲೆ ಬೇರೆ ಬೇರೆ ಕಡೆಯಿಂದ ತುಣುಕು ಸೇರಿಸಿ ಕಟ್ಟಿದರು.

ಜರ್ಮನಿಯ ಮೂಕಿ ಚಿತ್ರ 'ಮೆಟ್ರೊಪೊಲಿಸ್' ಕತೆಯೂ ಇಲ್ಲಿ ನೆನಪಾಗುತ್ತದೆ. 1927ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಆದ ಸ್ವಲ್ಪ ದಿನಕ್ಕೇ ಅದನ್ನು ಕತ್ತರಿಸಿದರು. ಹತ್ತಿರ ಹತ್ತಿರ ಕಾಲು ಭಾಗ ಹೋಯಿತು. ಎಂಬತ್ತು ವರ್ಷ ಅದು ಮುಗಿದ ಕತೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಒಂದು 16 ಮಿ.ಮೀ. ಪ್ರತಿ ಸಿಕ್ಕಿತು. ತುಂಬ ಗೀರು ಬಿದ್ದ ಪ್ರತಿ. ಅದರಲ್ಲಿ ಸುಮಾರು 25 ನಿಮಿಷದ ಕಾಣೆಯಾದ ಭಾಗ ಇತ್ತು. ಆ ಪ್ರತಿಯ ಮೂಲ ಹಿಂದೆ ಒಬ್ಬ ಸಿನಿಮಾ ವಿಮರ್ಶಕರ ಸ್ವಂತ ಸಂಗ್ರಹದಲ್ಲಿತ್ತು. ಅವರು ಇಟ್ಟುಕೊಂಡಿದ್ದರು, ಅಷ್ಟೇ. 2010ರಲ್ಲಿ ಬಂದ ರೂಪದಲ್ಲಿ ಆ ಭಾಗಗಳು ಬಂದಾಗ ಪರದೆಯ ತುಂಬ ಮಳೆ ಸುರಿದ ಹಾಗೆ ಗೀರುಗಳು ಕಾಣುತ್ತವೆ. ನಾನು ಅದನ್ನು ಮೊದಲ ಸಲ ನೋಡಿದಾಗ ಆ ಗೀರುಗಳ ಹಿಂದೆ ಆಡುತ್ತಿದ್ದ ಮುಖಗಳನ್ನು ಕಂಡು ಕಣ್ಣು ತುಂಬಿ ಬಂತು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿತು. ಅಮೆರಿಕದಲ್ಲಿ ಮೂಕಿ ಕಾಲದಲ್ಲಿ ತಯಾರಾದ ಸುಮಾರು 11,000 ಪೂರ್ಣಪ್ರಮಾಣದ ಚಿತ್ರಗಳಲ್ಲಿ, ಮೊದಲು ಬಿಡುಗಡೆಯಾದ 35 ಮಿ.ಮೀ. ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇ. 14 ಮಾತ್ರ. ಕೆಲವು ಬೆಂಕಿಗೆ ಹೋದವು, ಕೆಲವು ಕೊಳೆತವು. ಎಷ್ಟೋ ಪ್ರತಿಗಳನ್ನು ಹಕ್ಕುದಾರರೇ ಇನ್ನು ದುಡ್ಡು ಹುಟ್ಟುವುದಿಲ್ಲ ಅಂತ ಹಾಳು ಮಾಡಿದರು. ಆಗಿನವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಇನ್ನೊಂದು ಸಲ ಆಗಬಾರದು.

ನೀವೇ ಹಳೆಯ ಲೇಸರ್‌ಡಿಸ್ಕ್ ಕಾಲದ ಸಾಮಗ್ರಿಗೆ ಕೈ ಚಾಚಿದ ಉದಾಹರಣೆ ಇದೆ. 'ಸ್ಟಾರ್ ವಾರ್ಸ್' ಮೊದಲ ಮೂರು ಸಿನಿಮಾಗಳನ್ನು 1997ರಲ್ಲಿ ಬದಲಾಯಿಸಿ ಮತ್ತೆ ಬಿಡುಗಡೆ ಮಾಡಿದರು. ಆಮೇಲೆ ಮೂಲ ರೂಪ ಅಂಗಡಿಯಿಂದಲೇ ಮಾಯ. 2006ರಲ್ಲಿ ಕೊನೆಗೂ ಮೂಲ ರೂಪವನ್ನು ಡಿವಿಡಿಯ ಜೊತೆ ಹೆಚ್ಚುವರಿ ಡಿಸ್ಕಾಗಿ ಕೊಟ್ಟಾಗ, ಅದಕ್ಕೆ ಬಳಸಿದ್ದು 1993ರ ಲೇಸರ್‌ಡಿಸ್ಕ್‌ಗೆ ಅಂತ ತಯಾರಿಸಿದ್ದ ಮಾಸ್ಟರ್, ಅಂದರೆ ಡಿಸ್ಕುಗಳನ್ನು ಮಾಡಲು ಬಳಸುವ ಮೂಲ ಪ್ರತಿ! ಜಗತ್ತಿನ ಅತಿ ದೊಡ್ಡ ಸಿನಿಮಾಗಳಲ್ಲಿ ಒಂದಕ್ಕೇ ಈ ಸ್ಥಿತಿ. ಹವ್ಯಾಸಿಗಳು ಸುಮ್ನೆ ಕೂರಲಿಲ್ಲ. ಹಳೆಯ 35 ಮಿ.ಮೀ. ಪ್ರಿಂಟುಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಒಂದೊಂದೇ ಫ್ರೇಮಿನ ಕೊಳೆ ತೆಗೆದು ವರ್ಷಗಟ್ಟಲೆ ದುಡಿದರು. 2025ರ ಜೂನ್‌ನಲ್ಲಿ ಲಂಡನ್‌ನ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ ತನ್ನ ಸಂಗ್ರಹದ 1977ರ ಮೂಲ ಪ್ರಿಂಟನ್ನು ಪರದೆಯ ಮೇಲೆ ತೋರಿಸಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. 48 ವರ್ಷದ ಹಳೆಯ ರೂಪವನ್ನು ಇದ್ದ ಹಾಗೆ ತೋರಿಸುವುದೇ ಸುದ್ದಿ ಅಂದರೆ, ಅದನ್ನು ನೋಡುವ ಹಸಿವು ಜನರಿಗೆ ಎಷ್ಟಿದೆ ನೋಡಿ.

ಸಿನಿಮಾದ ಜೊತೆಗೆ ಕೊಟ್ಟ ಮಾತುಗಳೂ ಇದ್ದಾವೆ. ನಿರ್ದೇಶಕರು, ತಂತ್ರಜ್ಞರು ಸಿನಿಮಾ ನೋಡುತ್ತಾ ಮಾತಾಡುವ ಕಾಮೆಂಟರಿ ಶುರುವಾದದ್ದು 1984ರಲ್ಲಿ, ಕ್ರೈಟೀರಿಯನ್ ಕಂಪನಿಯ 'ಕಿಂಗ್ ಕಾಂಗ್' ಲೇಸರ್‌ಡಿಸ್ಕ್‌ನಿಂದ. ಆ ಕಾಲದ ಎಷ್ಟೋ ಕಾಮೆಂಟರಿಗಳು ಮುಂದಿನ ಡಿಸ್ಕುಗಳಿಗೆ ಬರಲೇ ಇಲ್ಲ. ಜೇಮ್ಸ್ ಬಾಂಡ್‌ನ ಮೊದಲ ಮೂರು ಸಿನಿಮಾಗಳಿಗೆ 1991ರಲ್ಲಿ ಬಂದ ಕಾಮೆಂಟರಿ ಹಕ್ಕುದಾರರಿಗೆ ಹಿಡಿಸದೆ ಆ ಡಿಸ್ಕುಗಳನ್ನೇ ವಾಪಸ್ ತರಿಸಿಕೊಂಡರು. ಹೀಗೆ ಮಾತಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ. ಅವರನ್ನು ಮತ್ತೆ ಕೂರಿಸಿ ಮಾತಾಡಿಸಲು ಆಗುವುದಿಲ್ಲ.

ನಾವು ಕೆಲಸ ಮಾಡುವ ಬಗೆಯನ್ನು ನೀವು ಒಮ್ಮೆ ಬಂದು ನೋಡಬೇಕು ಅಂತ ನನಗೆ ತುಂಬ ಆಸೆ. ವಿಸಿಆರ್‌ನಿಂದ ಟಿವಿಗೆ ಹೋಗುವ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಆಯಿತು ಅನ್ನುವ ಕಾಲ ಹೋಯಿತು. ಈಗ ವಿಸಿಆರ್‌ನ ಮುಚ್ಚಳ ಬಿಚ್ಚಿ, ಹೆಡ್ಡಿನಿಂದ ಬರುವ ಕಚ್ಚಾ ಸಿಗ್ನಲ್ ಸಿಗುವ ಜಾಗಕ್ಕೆ ಒಂದು ವೈರ್ ಬೆಸುಗೆ ಹಾಕುತ್ತೇವೆ. ಆ ಸಿಗ್ನಲ್ಲನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಳೆದು ಹಾಗೇ ಫೈಲಿಗೆ ಇಳಿಸುತ್ತೇವೆ. ವಿಸಿಆರ್ ಮಾಡಬೇಕಾದ ಮಿಕ್ಕ ಕೆಲಸವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ಅದರ ಸಾಫ್ಟ್‌ವೇರ್ ಉಚಿತ, ಹವ್ಯಾಸಿಗಳೇ ಬರೆದದ್ದು. ಎಲ್‌ಡಿ-ಡಿಕೋಡ್, ವಿಎಚ್‌ಎಸ್-ಡಿಕೋಡ್ ಅಂತ ಹೆಸರು. ಒಂದು ಗಂಟೆಯ ಟೇಪಿಗೆ ಹತ್ತಾರು ಜಿಬಿ ಜಾಗ ಹಿಡಿಯುತ್ತದೆ. ಆದರೆ ಇದರಲ್ಲಿ ಒಂದು ದೊಡ್ಡ ಉಪಕಾರ ಇದೆ. ಬೂಷ್ಟು ಹಿಡಿದ ಟೇಪನ್ನು ಎಷ್ಟು ಸಲ ಓಡಿಸಲು ಆಗುತ್ತದೆ? ಕೆಲವೊಮ್ಮೆ ಒಂದೇ ಸಲ. ಆ ಒಂದು ಸಲದಲ್ಲಿ ಕಚ್ಚಾ ಸಿಗ್ನಲ್ ಹಿಡಿದಿಟ್ಟರೆ, ಮುಂದೆ ಸಾಫ್ಟ್‌ವೇರ್ ಸುಧಾರಿಸಿದಾಗ ಟೇಪನ್ನು ಮುಟ್ಟದೆಯೇ ಇನ್ನೂ ಒಳ್ಳೆಯ ಚಿತ್ರ ತೆಗೆಯಬಹುದು.

ಲೇಸರ್‌ಡಿಸ್ಕ್‌ಗೆ ಇನ್ನೂ ಚಂದದ ಉಪಾಯ ಇದೆ. ಒಂದೇ ಸಿನಿಮಾದ ಒಂದೇ ಆವೃತ್ತಿಯ ಮೂರು ನಾಲ್ಕು ಡಿಸ್ಕು ಸೇರಿಸುತ್ತೇವೆ, ಒಂದೊಂದು ಒಬ್ಬೊಬ್ಬರ ಮನೆಯಿಂದ. ಒಂದು ಡಿಸ್ಕಿನಲ್ಲಿ ಧೂಳು ಕೂತ ಜಾಗ ಇನ್ನೊಂದರಲ್ಲಿ ಚೊಕ್ಕವಾಗಿರುತ್ತದೆ. ಒಂದರಲ್ಲಿ ಗೀರು ಬಿದ್ದ ಕಡೆ ಮತ್ತೊಂದರಲ್ಲಿ ಗೀರಿಲ್ಲ. ಡಿಸ್ಕಿನಲ್ಲಿ ಇರುವ ಸಂಖ್ಯೆಗಳನ್ನು ಹಿಡಿದು ಫ್ರೇಮಿಗೆ ಫ್ರೇಮು ಜೋಡಿಸಿ, ನಾಲ್ಕರಿಂದಲೂ ಒಳ್ಳೆಯ ಭಾಗ ಮಾತ್ರ ಆರಿಸಿದರೆ, ನಾಲ್ಕು ಡಿಸ್ಕಿನಲ್ಲಿ ಯಾವೊಂದರಲ್ಲೂ ಇಲ್ಲದಷ್ಟು ಶುದ್ಧ ಚಿತ್ರ ಬರುತ್ತದೆ. ಮೊದಲ ಸಲ ನಾನು ಹೀಗೆ ಮಾಡಿದ ದಿನ, ಪರದೆಯ ಮೇಲೆ ಮಿಂಚುತ್ತಿದ್ದ ಬಿಳಿ ಚುಕ್ಕೆಗಳು ಒಂದೊಂದಾಗಿ ಆರಿಹೋಗುವುದನ್ನು ರಾತ್ರಿಯೆಲ್ಲ ನೋಡುತ್ತಾ ಕೂತಿದ್ದೆ.

ಆದರೆ ಸಮಯ ಇಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. ಟೇಪಿನ ಮೇಲಿನ ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವಕ್ಕೆ ಸಡಿಲಾಗುತ್ತಾ ಹೋಗುತ್ತದೆ. ಲೇಸರ್‌ಡಿಸ್ಕ್‌ನ ಎರಡು ಪದರಗಳ ನಡುವಿನ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಒಮ್ಮೆ ಹಿಡಿದರೆ ಅದಕ್ಕೆ ಮದ್ದಿಲ್ಲ. ಯಂತ್ರಗಳೂ ಸಿಗುವುದಿಲ್ಲ. ಲೇಸರ್‌ಡಿಸ್ಕ್ ಪ್ಲೇಯರ್ ತಯಾರಿಕೆಯನ್ನು ಪಯನೀರ್ ಕಂಪನಿ 2009ರಲ್ಲಿ ನಿಲ್ಲಿಸಿತು. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ ಫುನಾಯ್ 2016ರಲ್ಲಿ ಕೈ ಎತ್ತಿತು. ನನ್ನ ಹತ್ತಿರ ಇರುವ ಯಂತ್ರದ ಹೆಡ್ ಸವೆದರೆ ಹೊಸದು ತರುವುದು ಎಲ್ಲಿಂದ? ಇನ್ನೊಂದು ಹಳೆಯ ಯಂತ್ರವನ್ನು ಬಿಚ್ಚಬೇಕು. ಯುನೆಸ್ಕೋ 2019ರಲ್ಲಿ ಧ್ವನಿ-ದೃಶ್ಯ ಸಂಗ್ರಹಾಲಯಗಳ ಸಂಘದ ಜೊತೆ ಸೇರಿ ಕಾಂತದ ಟೇಪುಗಳ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಸಂಗ್ರಹಾಲಯ 2025 ಅಂತ ಗಡುವನ್ನೇ ಹೇಳಿತ್ತು. ಆ ಗಡುವು ದಾಟಿಯಾಗಿದೆ.

ನಿಮಗೆ ಕಳ್ಳತನದ ಚಿಂತೆ. ಇರಬೇಕಾದದ್ದೇ. ನಿಮ್ಮ ಸಿನಿಮಾವನ್ನು ಕದ್ದು ಮಾರುವವರು ಇದ್ದಾರೆ, ಅವರನ್ನು ಕಂಡರೆ ನಮಗೂ ಆಗುವುದಿಲ್ಲ. ನಾನು ತೆಗೆದ ಪ್ರತಿಗಳನ್ನು ಒಂದೇ ಒಂದು ಸಲವೂ ಮಾರಿಲ್ಲ. ಈ ಕೆಲಸ ಮಾಡುವ ಹೆಚ್ಚಿನವರು ಪಾಲಿಸುವ ಕಟ್ಟುಪಾಡು ಅದು: ಮಾರಬಾರದು, ಅಧಿಕೃತ ಡಿಸ್ಕ್ ಸಿಗುವಾಗ ಅದನ್ನು ಕೊಂಡೇ ಇಟ್ಟುಕೊಳ್ಳಬೇಕು. ಒಂದೇ ಸಿನಿಮಾವನ್ನು ನಾಲ್ಕು ಸಲ ನಿಮ್ಮಿಂದ ಕೊಂಡವರು ನಾವು.

ಹಿಂದೆಯೂ ಹೀಗೇ ಒಂದು ಹೆದರಿಕೆ ಇತ್ತು. 1982ರಲ್ಲಿ ಅಮೆರಿಕದ ಸಿನಿಮಾ ಸಂಸ್ಥೆಗಳ ಪರವಾಗಿ ಜ್ಯಾಕ್ ವಲೆಂಟಿ ಅಲ್ಲಿನ ಜನಪ್ರತಿನಿಧಿಗಳ ಮುಂದೆ ವಿಸಿಆರ್ ಅನ್ನು ಒಬ್ಬ ಕುಖ್ಯಾತ ಕೊಲೆಗಾರನಿಗೆ ಹೋಲಿಸಿದರು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ, ಟಿವಿ ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಅಂದಿತು. ಉದ್ಯಮ ಮುಳುಗಲಿಲ್ಲ. ಆ ದಶಕ ಮುಗಿಯುವ ಮುಂಚೆಯೇ ಅಲ್ಲಿ ಹೋಂ ವಿಡಿಯೋ ಆದಾಯ ಚಿತ್ರಮಂದಿರದ ಆದಾಯವನ್ನು ಮೀರಿಸಿತ್ತು. ಕೊಲೆಗಾರ ಅಂದ ಆ ಯಂತ್ರದಿಂದಲೇ ನಿಮಗೆ ದುಡ್ಡು ಬಂತು. ಈಗ ನಿಮ್ಮ ಸಿನಿಮಾದ ಹಳೆಯ ರೂಪ ಉಳಿದಿರುವುದೂ ಅದೇ ಯಂತ್ರದಲ್ಲಿ.

ಹಾಗಾಗಿ ಕೇಳುತ್ತೇನೆ. ನಿಮ್ಮ ಗೋದಾಮುಗಳಲ್ಲಿ ಒಂದು ಇಂಚಿನ ಟೇಪುಗಳು, ಡಿ-2 ಟೇಪುಗಳು ಇರುತ್ತವೆ. ಆಗಿನ ಕ್ಯಾಸೆಟ್ಟು, ಡಿಸ್ಕುಗಳಿಗೆ ಮಾಡಿದ ಮಾಸ್ಟರ್‌ಗಳು ಅವು. ಹೊಸ ಸ್ಕ್ಯಾನ್ ಆದ ಮೇಲೆ ಅವುಗಳಿಗೆ ಬೆಲೆ ಇಲ್ಲ ಅಂತ ಅನಿಸುವುದು ಸಹಜ. ದಯವಿಟ್ಟು ಎಸೆಯಬೇಡಿ. ಜಾಗ ಇಲ್ಲದಿದ್ದರೆ ಒಂದು ಸಂಗ್ರಹಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಕೊಡಿ. ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯ 2015ರಲ್ಲಿ ಸುಮಾರು 2,700 ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಕೇಳಿ ತಂದು ಇಟ್ಟುಕೊಂಡಿದೆ, ಅದೂ ಜಾಸ್ತಿ ಭಾಗ ಅಗ್ಗದ ಹಾರರ್ ಸಿನಿಮಾಗಳು. ನೀವು ಮಾಸ್ಟರ್ ಟೇಪನ್ನೇ ಕೊಡುತ್ತೇವೆ ಅಂದರೆ ಬೇಡ ಅನ್ನುವವರು ಯಾರು?

ಎರಡನೆಯದು, ಹೊಸ ಪ್ರತಿಯ ಜೊತೆಗೆ ಹಳೆಯದನ್ನೂ ಇಡುವುದು. ಇದನ್ನು ನೀವು ಮಾಡಿ ತೋರಿಸಿದ್ದೀರಿ. 'ಇ.ಟಿ.' ಸಿನಿಮಾದಲ್ಲಿ ಪೊಲೀಸರ ಕೈಯ ಬಂದೂಕುಗಳನ್ನು 2002ರಲ್ಲಿ ವಾಕಿಟಾಕಿ ಮಾಡಿದರು. ಆದರೆ ಅದೇ ಸಲದ ಡಿವಿಡಿಯಲ್ಲಿ 1982ರ ರೂಪವನ್ನೂ ಕೊಟ್ಟರು. ಮುಂದೆ ನಿರ್ದೇಶಕರೇ ಬದಲಾಯಿಸಬಾರದಿತ್ತು ಅಂದರು. 2012ರ ಬ್ಲೂ-ರೇಯಲ್ಲಿ ಮೂಲ ರೂಪ ಮಾತ್ರ ಬಂತು. 'ಬ್ಲೇಡ್ ರನ್ನರ್' 2007ರಲ್ಲಿ ಐದು ರೂಪಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿ ಬಂತು. ಐದನ್ನೂ ನೋಡಿದವರಿದ್ದಾರೆ, ಐದನ್ನೂ ಕೊಂಡಾಡಿದವರಿದ್ದಾರೆ. ಒಂದು ಡಿಸ್ಕಿನಲ್ಲಿ ಮೂಲ ಮೋನೋ ಧ್ವನಿಗೆ ಹಿಡಿಯುವ ಜಾಗ ತೀರಾ ಸ್ವಲ್ಪ. ಅಷ್ಟನ್ನಾದರೂ ಕೊಡಿ.

ದುಡ್ಡು ಕೊಟ್ಟು ಕೊಂಡವರ ಪ್ರತಿಯನ್ನು ಅವರಿಗೆ ಹೇಳದೆ ಬದಲಾಯಿಸುವುದನ್ನು ಮಾತ್ರ ನಿಲ್ಲಿಸಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕಪಾಟಿನಲ್ಲಿರುವ ಪುಸ್ತಕದ ಹಾಳೆಯನ್ನು ರಾತ್ರಿ ಬಂದು ಬದಲಾಯಿಸಿ ಹೋದರೆ ಒಪ್ಪುತ್ತೀರಾ?

ಕೊನೆಗೆ ನಮ್ಮ ವಿಷಯ. 1985ರಿಂದ ಕ್ಯಾಸೆಟ್ಟುಗಳಿಗೆ ಪ್ರತಿ ತೆಗೆಯಲು ಬಿಡದ ಮ್ಯಾಕ್ರೋವಿಷನ್ ಎಂಬ ಬೀಗ ಬಂತು, ಆಮೇಲೆ ಡಿವಿಡಿಗೆ ಬೇರೆ ಬೀಗ. ಹಲವು ದೇಶಗಳಲ್ಲಿ ಬೀಗ ತೆಗೆಯುವುದೇ ಅಪರಾಧ, ಯಾಕೆ ತೆಗೆದಿರಿ ಅಂತ ಕಾನೂನು ಕೇಳುವುದು ಅಪರೂಪ. ನಿಮ್ಮಲ್ಲಿ ಮಾರಾಟಕ್ಕೇ ಇಲ್ಲದ ಆವೃತ್ತಿಗಳನ್ನು, ಲಾಭಕ್ಕಲ್ಲದೆ, ಉಳಿಸಲೆಂದು ಪ್ರತಿ ತೆಗೆದರೆ ಕೇಸು ಹಾಕುವುದಿಲ್ಲ ಅಂತ ನೀವು ಒಂದು ಕಾಗದದಲ್ಲಿ ಬರೆದುಕೊಡಬಹುದು. ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಬದಲಿಗೆ ನಾವು ತೆಗೆದ ಪ್ರತಿಯನ್ನು, ಕಚ್ಚಾ ಸಿಗ್ನಲ್ ಸಮೇತ, ನಿಮಗೂ ನೀವು ಹೇಳಿದ ಸಂಗ್ರಹಾಲಯಕ್ಕೂ ಕೊಡುತ್ತೇವೆ. ಒಂದು ಪೈಸೆಯೂ ಬೇಡ.

ನನ್ನ ಆ ಕ್ಯಾಸೆಟ್ ಒಂದೇ ಸಲ ಓಡಿತು. ಹರಿದಿದ್ದ ಕಡೆ ಹಚ್ಚಿದ ಪಟ್ಟಿ ಗಟ್ಟಿಯಾಗಿ ನಿಂತಿತು. ಒಂದು ಕ್ಷಣ ಪರದೆ ಕಲಕಿ ಮತ್ತೆ ಸರಿಯಾಯಿತು. ಈಗ ಅದರ ಫೈಲು ಮೂರು ಡ್ರೈವಿನಲ್ಲಿದೆ. ಒಂದು ಬೇರೆಯವರ ಮನೆಯಲ್ಲಿ. ಕ್ಯಾಸೆಟ್ಟನ್ನು ಹೊಸ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒಣಗಿದ ಜಾಗದಲ್ಲಿ ಇಟ್ಟಿದ್ದೇನೆ. ಯಾವ ಆವೃತ್ತಿ, ಯಾವ ಯಂತ್ರದಲ್ಲಿ ಓಡಿಸಿದೆ, ಎಲ್ಲಿ ಹರಿದಿತ್ತು ಅಂತ ಬರೆದ ಚೀಟಿ ಜೊತೆಗಿದೆ. ಅದು ನಿಮ್ಮ ಸಿನಿಮಾ. ಬೇಕು ಅಂದರೆ ಕ್ಯಾಸೆಟ್ಟು, ಫೈಲು ಎರಡನ್ನೂ ಕಳಿಸಿಕೊಡುತ್ತೇನೆ. ನಿಲ್ದಾಣದ ದೃಶ್ಯ 41ನೇ ನಿಮಿಷದಲ್ಲಿ ಬರುತ್ತದೆ. ಹಾಡು ಎಲ್ಲಿ ನಿಲ್ಲುತ್ತದೆ ಅಂತ ಕೇಳಿ ನೋಡಿ.

ಇಂತಿ,
ನಿಮ್ಮ ಸಿನಿಮಾಗಳ ಒಬ್ಬ ಸಂಗ್ರಾಹಕ